ನೆರಳಿಗೊಂದು ಹೆಸರು

ಈ ವಯಸ್ಸಿನಲ್ಲಿ ನನಗೊಂದು ಹುಚ್ಚು ಹಿಡಿದಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ಮೊನ್ನೆ ನಮ್ಮ ಮನೆಯವರು ಒಲೆಯ ಮೇಲೆ ಹಾಲಿಟ್ಟು, "ಸ್ವಲ್ಪ ನೋಡಿಕೊಳ್ಳಿ, ದೇವಸ್ಥಾನಕ್ಕೆ ಹೋಗಿ ಬಂದುಬಿಡ್ತೀನಿ" ಎಂದು ಹೇಳಿ ಹೋದರು. ಅವರು ವಾಪಸು ಬಂದಾಗ ಹಾಲು ಉಕ್ಕಿ, ಪಾತ್ರೆ ತಳ ಹಿಡಿದು, ಅಡುಗೆಮನೆಯ ತುಂಬ ಸೀದ ವಾಸನೆ. ನಾನೋ ಹಜಾರದ ಕುರ್ಚಿಯಲ್ಲಿ ಕುಳಿತಿದ್ದೆ. ಕುಳಿತಿದ್ದೆ ಎಂದು ಅವರು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ನಾನು ಆಗ ಒಂದು ಪುಟ್ಟ ದೋಣಿಯಲ್ಲಿ, ಒಂದು ಮುದಿ ಡ್ರ್ಯಾಗನ್ನಿನ ಎದುರು ನಿಂತಿದ್ದೆ.

ಪುಸ್ತಕದ ಹೆಸರು 'ಎ ವಿಝರ್ಡ್ ಆಫ್ ಅರ್ಥ್‌ಸೀ'. ಬರೆದವರು ಉರ್ಸುಲಾ ಲೆ ಗ್ವಿನ್ ಎಂಬ ಅಮೆರಿಕದ ಲೇಖಕಿ. ಇನ್ನೂರು ಪುಟದ ಆಸುಪಾಸಿನ, ಹತ್ತೇ ಅಧ್ಯಾಯದ ಕಾದಂಬರಿ. ಎಂಟನೇ ತರಗತಿ ಓದುವ ನನ್ನ ಮೊಮ್ಮಗಳು ಅದನ್ನು ಗೆಳತಿಯಿಂದ ತಂದಿದ್ದಳು. ಹೊದಿಕೆ ನೋಡಿ ನಾನು ಮೂಗು ಮುರಿದೆ. "ಮಾಯ ಮಂತ್ರದ ಕತೆ ನಾವೂ ಓದಿದ್ದೇವೆ, ಚಂದಮಾಮದಲ್ಲಿ. ಬೇತಾಳನಿಗಿಂತ ಹೆಚ್ಚಿನದು ಇದರಲ್ಲಿ ಏನಿರುತ್ತೆ?" ಎಂದೆ. ಅವಳು ಜಗಳಕ್ಕೆ ಬರಲಿಲ್ಲ. "ಒಂದು ಅಧ್ಯಾಯ ಓದು ತಾತ. ಸೇರದಿದ್ರೆ ಬಿಟ್ಟುಬಿಡು" ಎಂದಳು. ಒಂದು ಅಧ್ಯಾಯವಾದ ಮೇಲೆ ಪುಸ್ತಕಕ್ಕಾಗಿ ನಮ್ಮಿಬ್ಬರಲ್ಲಿ ಕಿತ್ತಾಟ ಶುರುವಾಯಿತು. ಕೊನೆಗೆ ಅಜ್ಜಿಯೇ ಪಂಚಾಯಿತಿ ಮಾಡಿ ತೀರ್ಪು ಕೊಟ್ಟರು: ಹಗಲು ಅವಳು ಶಾಲೆಗೆ ಹೋದಾಗ ನನಗೆ, ಸಂಜೆ ಹೋಂವರ್ಕ್ ಮುಗಿದ ಮೇಲೆ ಅವಳಿಗೆ, ಯಾರೂ ಇನ್ನೊಬ್ಬರಿಗಿಂತ ಒಂದು ಅಧ್ಯಾಯಕ್ಕಿಂತ ಹೆಚ್ಚು ಮುಂದೆ ಹೋಗಕೂಡದು.

ನನ್ನ ಇಂಗ್ಲಿಷ್ ಬ್ಯಾಂಕಿನ ಇಂಗ್ಲಿಷ್. ಮೂವತ್ತೆಂಟು ವರ್ಷ ಮೇಲಿನವರಿಗೆ ವಿನಯದಿಂದಲೂ ಗ್ರಾಹಕರಿಗೆ ಸ್ವಲ್ಪ ಗದರಿಕೆಯಿಂದಲೂ ಪತ್ರ ಬರೆದದ್ದಷ್ಟೇ. ಕತೆ ಓದುವ ಇಂಗ್ಲಿಷ್ ಬೇರೆಯೇ. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡೇ ಕುಳಿತೆ. ಮೂರನೇ ಅಧ್ಯಾಯದ ಹೊತ್ತಿಗೆ ನಿಘಂಟು ತೆಗೆಯುವುದನ್ನೇ ಮರೆತಿದ್ದೆ.

ಕತೆ ಇಷ್ಟು. ಅರ್ಥ್‌ಸೀ ಎಂಬುದು ನೂರಾರು ದ್ವೀಪಗಳ ಲೋಕ. ನೆಲಕ್ಕಿಂತ ನೀರೇ ಹೆಚ್ಚು. ಅದರ ಈಶಾನ್ಯದಲ್ಲಿ ಗಾಂಟ್ ಎಂಬ ದ್ವೀಪ, ದ್ವೀಪವೆಂದರೆ ಸಮುದ್ರದಿಂದ ನೇರ ಎದ್ದು ನಿಂತ ಒಂದೇ ಒಂದು ಬೆಟ್ಟ. ಆ ಬೆಟ್ಟದ ಹಳ್ಳಿಯೊಂದರಲ್ಲಿ ಕಂಚುಗಾರನ ಮಗ ಡನಿ. ಹುಟ್ಟಿ ವರ್ಷ ತುಂಬುವ ಮುಂಚೆಯೇ ತಾಯಿ ತೀರಿಕೊಂಡಿದ್ದಾಳೆ. ಆಡು ಕಾಯುವುದು ಅವನ ಕೆಲಸ. ಅವನ ಚಿಕ್ಕಮ್ಮ ಊರಿನಲ್ಲಿ ಸಣ್ಣಪುಟ್ಟ ಮಾಟ ಮಂತ್ರ ಬಲ್ಲವಳು. ಗುಡಿಸಲ ಮಾಡು ಹತ್ತಿ ಕುಳಿತ ಆಡೊಂದು ಇಳಿಯಲು ಒಪ್ಪದಿದ್ದಾಗ ಅವಳು ಯಾವುದೋ ಮಾತು ಹೇಳುತ್ತಾಳೆ, ಆಡು ಜಿಗಿದು ಬರುತ್ತದೆ. ಹುಡುಗ ಕೇಳಿಸಿಕೊಂಡ. ಮರುದಿನ ಬೆಟ್ಟದ ಮೇಲೆ ಅದೇ ಮಾತನ್ನು ಜೋರಾಗಿ ಕೂಗಿದ. ಮಂದೆಯ ಆಡುಗಳೆಲ್ಲ ಸದ್ದಿಲ್ಲದೆ ಬಂದು ಅವನನ್ನು ಮುತ್ತಿಕೊಂಡವು. ಹೋಗಿ ಎಂದರೆ ಹೋಗವು. ಕರೆಯುವುದು ಗೊತ್ತು, ಕಳಿಸುವುದು ಗೊತ್ತಿಲ್ಲ! ಅಳುತ್ತಾ ಊರಿಗೆ ಓಡಿ ಬಂದ, ಆಡುಗಳೂ ಅವನಿಗೆ ಅಂಟಿಕೊಂಡೇ ಓಡಿ ಬಂದವು.

ನಾನು ನಗುತ್ತಾ ಓದಿದೆ. ಆಮೇಲೆ ಗೊತ್ತಾಯಿತು, ಇಡೀ ಕಾದಂಬರಿಯೇ ಆ ಆಡುಗಳ ಪ್ರಸಂಗದಲ್ಲಿ ಬೀಜದಂತೆ ಅಡಗಿದೆ ಎಂದು.

ಈ ಲೋಕದಲ್ಲಿ ಮಂತ್ರವೆಂದರೆ ಹೆಸರು. ಕಲ್ಲಿಗೆ, ಗಾಳಿಗೆ, ಹಕ್ಕಿಗೆ, ಮನುಷ್ಯನಿಗೆ ಎಲ್ಲಕ್ಕೂ ಒಂದೊಂದು ನಿಜವಾದ ಹೆಸರಿದೆ. ಅದು ತಿಳಿದವನ ಮಾತನ್ನು ಆ ವಸ್ತು ಕೇಳಲೇಬೇಕು. ಅದಕ್ಕೇ ಅಲ್ಲಿನ ಜನ ತಮ್ಮ ನಿಜ ಹೆಸರನ್ನು ಯಾರಿಗೂ ಹೇಳುವುದಿಲ್ಲ, ಕರೆಯುವುದಕ್ಕೆ ಬೇರೊಂದು ಹೆಸರು ಇಟ್ಟುಕೊಳ್ಳುತ್ತಾರೆ. ನಮ್ಮ ಹುಡುಗನನ್ನು ಊರವರು ಕರೆಯುವುದು ಸ್ಪ್ಯಾರೋಹಾಕ್ ಎಂದು, ಅಂದರೆ ಒಂದು ಜಾತಿಯ ಸಣ್ಣ ಗಿಡುಗ. ಹದಿಮೂರು ತುಂಬಿದ ದಿನ ಅವನು ತಣ್ಣನೆಯ ಹೊಳೆ ದಾಟಿ ಬರುತ್ತಾನೆ. ಆ ದಡದಲ್ಲಿ ಕಾದಿದ್ದ ಓಗಿಯನ್ ಎಂಬ ಹಿರಿಯ ಮಾಂತ್ರಿಕ ಅವನ ಕಿವಿಯಲ್ಲಿ ನಿಜ ಹೆಸರನ್ನು ಉಸುರುತ್ತಾನೆ: ಗೆಡ್.

ಇದನ್ನು ಓದಿ ಮೊಮ್ಮಗಳಿಗೆ ಬೆರಗು. ನನಗೆ ಬೆರಗಲ್ಲ, ನೆನಪು. ನಮ್ಮಲ್ಲಿ ನಾಮಕರಣದ ದಿನ ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ ಹೆಸರು ಬರೆದು, ಮಗುವಿನ ಕಿವಿಯಲ್ಲಿ ಹೇಳುವುದಿಲ್ಲವೇ? ನಮ್ಮಮ್ಮ ಜೀವಮಾನದಲ್ಲಿ ನಮ್ಮಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದವರಲ್ಲ. ರೇಷನ್ ಕಾರ್ಡಿನವರು ಕೇಳಿದರೆ, "ಲೋ, ನೀನು ಹೇಳೋ" ಎಂದು ನನ್ನನ್ನು ಮುಂದೆ ತಳ್ಳುತ್ತಿದ್ದರು. ಕತ್ತಲಾದ ಮೇಲೆ ಹಾವು ಎನ್ನುವ ಹಾಗಿಲ್ಲ, ಹುಳ ಎನ್ನಬೇಕು. ಹೆಸರು ಹಿಡಿದು ಕರೆದರೆ ಬಂದುಬಿಡುತ್ತದೆ ಎಂಬ ಭಯ. ಹೆಸರಿಗೆ ಬಲವಿದೆ ಎಂಬ ನಂಬಿಕೆ ಯಾವುದೋ ಒಂದು ದೇಶದ ಸೊತ್ತಲ್ಲ ಎಂದು ಅವಳಿಗೆ ಹೇಳಿದೆ.

ಲೆ ಗ್ವಿನ್ ಅವರ ಮನೆಯಲ್ಲೂ ಇಂಥದೊಂದು ಕತೆ ಇತ್ತು. ಅವರು ಹುಟ್ಟಿದ್ದು 1929ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞರು, ಅಮೆರಿಕದ ಮೂಲನಿವಾಸಿಗಳ ಬದುಕು, ಭಾಷೆಗಳನ್ನು ಅಧ್ಯಯನ ಮಾಡಿದವರು. 1911ರಲ್ಲಿ ಯಾಹಿ ಎಂಬ ಬುಡಕಟ್ಟಿನ ಕೊನೆಯ ಮನುಷ್ಯ, ತನ್ನವರೆಲ್ಲರನ್ನೂ ಕಳೆದುಕೊಂಡು ಕಾಡಿನಿಂದ ಹೊರಬಂದ. ಹೆಸರು ಕೇಳಿದರೆ ಹೇಳಲಿಲ್ಲ. ತನ್ನ ಹೆಸರನ್ನು ತಾನೇ ಅಪರಿಚಿತರಿಗೆ ಹೇಳುವ ಪದ್ಧತಿ ಅವರಲ್ಲಿರಲಿಲ್ಲ, ಹೇಳಿ ಪರಿಚಯ ಮಾಡಿಸಲು ಅವನ ಕಡೆಯವರು ಯಾರೂ ಉಳಿದಿರಲಿಲ್ಲ. ಕ್ರೋಬರ್ ಅವನನ್ನು 'ಇಶಿ' ಎಂದು ಕರೆದರು. ಅವನ ಭಾಷೆಯಲ್ಲಿ ಅದರ ಅರ್ಥ 'ಮನುಷ್ಯ' ಎಂದಷ್ಟೇ. 1916ರಲ್ಲಿ ಇಶಿ ತೀರಿಕೊಂಡ, ನಿಜ ಹೆಸರು ಅವನೊಂದಿಗೇ ಹೋಯಿತು. ಅವನ ಕತೆಯನ್ನು ಮುಂದೆ ಪುಸ್ತಕವಾಗಿ ಬರೆದವರು ಲೆ ಗ್ವಿನ್ ಅವರ ತಾಯಿ ಥಿಯೊಡೋರಾ ಕ್ರೋಬರ್. ಇಂಥ ಮನೆಯಲ್ಲಿ ಬೆಳೆದ ಮಗಳು ಹೆಸರುಗಳ ಕತೆ ಬರೆದದ್ದರಲ್ಲಿ ನನಗೆ ಆಶ್ಚರ್ಯ ಕಾಣಲಿಲ್ಲ.

ಕಾದಂಬರಿ ಹುಟ್ಟಿದ ಬಗೆಯೂ ಸ್ವಾರಸ್ಯವಾಗಿದೆ. 1967ರಲ್ಲಿ ಒಬ್ಬ ಪ್ರಕಾಶಕರು, ಸ್ವಲ್ಪ ದೊಡ್ಡ ಮಕ್ಕಳು ಓದುವಂಥದ್ದೇನಾದರೂ ಬರೆದುಕೊಡಿ ಎಂದು ಕೇಳಿದರಂತೆ. ಅಲ್ಲಿಯವರೆಗೆ ಆಕೆ ಮಕ್ಕಳಿಗಾಗಿ ಬರೆದವರಲ್ಲ. ಯೋಚಿಸುತ್ತಾ ಕುಳಿತಾಗ ಒಂದು ಪ್ರಶ್ನೆ ಹೊಳೆಯಿತು. ಕತೆಗಳ ಮಾಂತ್ರಿಕರೆಲ್ಲ ಬಿಳಿ ಗಡ್ಡದ ಮುದುಕರೇ. ಅವರೂ ಒಂದು ಕಾಲಕ್ಕೆ ಹುಡುಗರಾಗಿದ್ದರಲ್ಲವೇ? ಏನೂ ಗೊತ್ತಿಲ್ಲದೆ, ಎಲ್ಲ ಗೊತ್ತೆಂದುಕೊಂಡು ಮೆರೆಯುತ್ತಿದ್ದರಲ್ಲವೇ? ಆ ವಿದ್ಯೆಯನ್ನು ಎಲ್ಲಿ, ಯಾರಿಂದ ಕಲಿತರು? ಆಕೆ ಮೊದಲು ದ್ವೀಪಗಳ ನಕ್ಷೆ ಬರೆದುಕೊಂಡರು, ಆಮೇಲೆ ಕತೆ. 1968ರಲ್ಲಿ ಪುಸ್ತಕ ಬಂತು. ಮಾಂತ್ರಿಕರ ಶಾಲೆಗೆ ಸೇರುವ ಹುಡುಗನ ಕತೆ ಎಂದರೆ ಇಂದಿನ ಮಕ್ಕಳಿಗೆ ಹ್ಯಾರಿ ಪಾಟರ್ ನೆನಪಾಗುತ್ತಾನೆ. ಅವನ ಮೊದಲ ಪುಸ್ತಕ ಬಂದದ್ದು 1997ರಲ್ಲಿ. ನಮ್ಮ ಗೆಡ್ ಅವನಿಗಿಂತ 29 ವರ್ಷ ಮೊದಲೇ ಶಾಲೆಗೆ ಸೇರಿದವನು!

ಇನ್ನೊಂದು ವಿಷಯವನ್ನು ಮೊಮ್ಮಗಳೇ ನನಗೆ ತೋರಿಸಿದಳು. "ತಾತ, ಗೆಡ್ ಬಿಳಿಯ ಅಲ್ಲ, ನೋಡು!" ಹೌದು. ಗೆಡ್‌ನದು ತಾಮ್ರದಂಥ ಕೆಂಗಂದು ಬಣ್ಣ. ಅವನ ಜೀವದ ಗೆಳೆಯ ವೆಚ್ ಕಪ್ಪು. ದ್ವೀಪಗಳ ಮೇಲೆ ದಂಡೆತ್ತಿ ಬರುವ ಕಾರ್ಗ್ ಜನರೇ ಬೆಳ್ಳಗಿನವರು. ಆ ಕಾಲದ ಇಂಗ್ಲಿಷ್ ಫ್ಯಾಂಟಸಿಗಳ ನಾಯಕರು ಬಿಳಿಯರೇ ಆಗಿರುತ್ತಿದ್ದದ್ದರಿಂದ ಲೆ ಗ್ವಿನ್ ಬೇಕೆಂದೇ ಹೀಗೆ ಮಾಡಿದರು. ಆದರೂ ಎಷ್ಟೋ ಹೊದಿಕೆಗಳಲ್ಲಿ ಚಿತ್ರಕಾರರು ಅವನನ್ನು ಬೆಳ್ಳಗೇ ಬರೆದರು. 2004ರಲ್ಲಿ ಅಮೆರಿಕದ ಟಿವಿಯಲ್ಲಿ ಧಾರಾವಾಹಿ ಮಾಡಿದವರೂ ಬಿಳಿಯ ಗೆಡ್‌ನನ್ನೇ ತಂದರು, ಆಕೆ ಅದನ್ನು ಬಹಿರಂಗವಾಗಿಯೇ ಖಂಡಿಸಿದರು. ನನ್ನ ಮೊಮ್ಮಗಳು ಮರುದಿನ ತನ್ನ ಡ್ರಾಯಿಂಗ್ ಪುಸ್ತಕದಲ್ಲಿ ಗೆಡ್‌ನ ಚಿತ್ರ ಬರೆದಳು. ಬಣ್ಣ ಸರಿಯಾಗಿದೆಯೇ ಎಂದು ತನ್ನ ಕೈಯನ್ನೇ ಪಕ್ಕದಲ್ಲಿಟ್ಟು ನೋಡುತ್ತಿದ್ದಳು.

ಇನ್ನು ಕತೆಗೆ ಬರುತ್ತೇನೆ. ಓಗಿಯನ್ ಗೆಡ್‌ನನ್ನು ಶಿಷ್ಯನಾಗಿ ಕರೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಮಳೆ. ಒಂದು ಮಾತಿನಿಂದ ಮೋಡ ಓಡಿಸಬಲ್ಲ ಗುರು ಅದನ್ನು ಮಾಡದೆ, ಮರದ ಕೆಳಗೆ ತೆಪ್ಪಗೆ ಮಲಗುತ್ತಾನೆ. ಪಕ್ಕದಲ್ಲಿ ನೆನೆಯುತ್ತಾ ಶಿಷ್ಯನಿಗೆ ಸಿಟ್ಟು. ಶಕ್ತಿ ಇದ್ದೂ ಬಳಸದಿದ್ದರೆ ಅದೇತಕ್ಕೆ? ಇಲ್ಲಿ ಮಕ್ಕಳೆಲ್ಲ ಗೆಡ್‌ನ ಕಡೆ ಇರುತ್ತೀರಿ, ನನಗೆ ಗೊತ್ತು. ಅಜ್ಜ ಅಜ್ಜಿಯರು ಮಾತ್ರ ಓಗಿಯನ್‌ನ ಕಡೆ. ಕೊನೆಗೆ ಗೆಡ್ ಗುರುವನ್ನು ಬಿಟ್ಟು ರೋಕ್ ದ್ವೀಪದ ಮಾಂತ್ರಿಕರ ಶಾಲೆಗೆ ಹೊರಟುಬಿಡುತ್ತಾನೆ.

ಆ ಶಾಲೆಯಲ್ಲಿ ಒಂದು ಪಾಠ ಬರುತ್ತದೆ. ಮೇಷ್ಟ್ರು ಒಂದು ಬೆಣಚುಕಲ್ಲನ್ನು ವಜ್ರವಾಗಿ ತೋರಿಸುತ್ತಾರೆ. ಅದು ಬರೀ ತೋರಿಕೆ, ಕಣ್ಕಟ್ಟು. "ಅದು ವಜ್ರವಾಗಿಯೇ ಉಳಿಯುವಂತೆ ಮಾಡುವುದು ಹೇಗೆ?" ಎಂದು ಗೆಡ್ ಕೇಳುತ್ತಾನೆ. ಅದಕ್ಕೆ ಕಲ್ಲಿನ ನಿಜ ಹೆಸರನ್ನೇ ಬದಲಿಸಬೇಕು, ಒಂದು ಹರಳಿನ ಹೆಸರು ಬದಲಾದರೂ ಇಡೀ ಜಗತ್ತಿನ ತೂಕ ಅಷ್ಟು ಏರುಪೇರಾಗುತ್ತದೆ ಎಂಬುದು ಮೇಷ್ಟ್ರ ಉತ್ತರ. ಒಂದು ಕಡೆ ಮಳೆ ತರಿಸಿದರೆ ಇನ್ನೆಲ್ಲೋ ಬರ ಬಿದ್ದಿರುತ್ತದೆ.

ಬಿ.ಕಾಂ. ಓದಿದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಂದು ಕಡೆ ಜಮಾ ಬರೆದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು. ಸಂಜೆ ಪುಸ್ತಕ ಟ್ಯಾಲಿ ಆಗುವವರೆಗೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಡ್ರ್ಯಾಗನ್ನುಗಳ ಲೋಕದಲ್ಲೂ ಡಬಲ್ ಎಂಟ್ರಿ ಇದೆ ಎಂದು ತಿಳಿದು ನನಗೆ ಆದ ಸಂತೋಷ ಅಷ್ಟಿಷ್ಟಲ್ಲ!

ಗೆಡ್‌ಗೆ ಮಾತ್ರ ಅದು ತಲೆಗೆ ಇಳಿಯಲಿಲ್ಲ. ಬುದ್ಧಿವಂತ, ಆದರೆ ಅಹಂಕಾರಿ. ಜಾಸ್ಪರ್ ಎಂಬ ಸಹಪಾಠಿ ಚುಚ್ಚಿ ಮಾತಾಡಿದ ಎಂದು, ತನ್ನ ಶಕ್ತಿ ತೋರಿಸಲು ಒಂದು ರಾತ್ರಿ ಎಲ್ಲರ ಎದುರಿಗೆ ಮಾಡಬಾರದ್ದನ್ನು ಮಾಡುತ್ತಾನೆ. ಬಹಳ ಹಿಂದೆ ಸತ್ತ ರಾಣಿಯೊಬ್ಬಳನ್ನು ಕರೆಯುತ್ತಾನೆ. ಅವಳ ಬೆನ್ನಿಗೇ ಕತ್ತಲನ್ನು ಸೀಳಿಕೊಂಡು ಇನ್ನೊಂದು ಬರುತ್ತದೆ: ಹೆಸರಿಲ್ಲದ, ರೂಪವಿಲ್ಲದ ಒಂದು ನೆರಳು. ಅದು ಗೆಡ್‌ನ ಮೇಲೆರಗಿ ಮುಖ ಹರಿಯುತ್ತದೆ. ಅವನನ್ನು ಉಳಿಸಲು ಹೋಗಿ ಶಾಲೆಯ ಹಿರಿಯ ಗುರು ಪ್ರಾಣ ಬಿಡುತ್ತಾನೆ. ನೆರಳು ತಪ್ಪಿಸಿಕೊಂಡು ಹೊರಲೋಕಕ್ಕೆ ಹೋಗುತ್ತದೆ. ಕರೆಯುವುದು ಗೊತ್ತು, ಕಳಿಸುವುದು ಗೊತ್ತಿಲ್ಲ. ಮತ್ತೆ ಅದೇ ಆಡುಗಳ ಕತೆ.

ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಎದ್ದ ಗೆಡ್, ಮುಖದ ತುಂಬ ಗಾಯದ ಕಲೆ ಹೊತ್ತು, ಯಾರನ್ನೂ ಕಣ್ಣೆತ್ತಿ ನೋಡಲಾರದೆ ಓಡಾಡುತ್ತಾನೆ. ಆಗ ಓದು ಮುಗಿಸಿ ಊರಿಗೆ ಹೊರಟ ವೆಚ್ ಅವನ ಬಳಿ ಬರುತ್ತಾನೆ. ಸಮಾಧಾನದ ಮಾತು ಹೆಚ್ಚೇನೂ ಆಡುವುದಿಲ್ಲ, ತನ್ನ ನಿಜ ಹೆಸರನ್ನು ಅವನಿಗೆ ಹೇಳಿಬಿಡುತ್ತಾನೆ. ಆ ಲೋಕದಲ್ಲಿ ಅದು ತನ್ನ ಪ್ರಾಣವನ್ನೇ ಇನ್ನೊಬ್ಬನ ಕೈಗೆ ಕೊಟ್ಟ ಹಾಗೆ. ಎಲ್ಲರೂ ಸಂಶಯದಿಂದ ನೋಡುತ್ತಿರುವ ಹೊತ್ತಿನಲ್ಲಿ ಒಬ್ಬ ಬಂದು, ನನ್ನ ಪ್ರಾಣ ನಿನ್ನಲ್ಲಿರಲಿ ಎನ್ನುತ್ತಾನಲ್ಲ, ಆ ಪುಟದಲ್ಲಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಮೊಮ್ಮಗಳು ನೋಡಿದಳು, ಏನೂ ಹೇಳಲಿಲ್ಲ.

ಮುಂದೆ ಗೆಡ್ ಹೋದಲ್ಲೆಲ್ಲ ನೆರಳು ಹುಡುಕಿಕೊಂಡು ಬರುತ್ತದೆ. ಅವನು ಓಡುತ್ತಾನೆ, ಅದು ಬೆನ್ನಟ್ಟುತ್ತದೆ. ಅದಕ್ಕೆ ಹೆಸರಿಲ್ಲ, ಆದ್ದರಿಂದ ಅದನ್ನು ಹಿಡಿಯಲಾಗದು ಎನ್ನುತ್ತಾರೆ ಗುರುಗಳು. ಹೆಸರಿದೆ, ನಾನು ಹೇಳಬಲ್ಲೆ ಎನ್ನುತ್ತದೆ ಡ್ರ್ಯಾಗನ್. ನಮ್ಮ ಮನೆಯ ಹಾಲು ಉಕ್ಕಿದ್ದು ಇದೇ ಜಾಗದಲ್ಲಿ! ಗೆಡ್ ಅಲ್ಲಿಗೆ ಹೋಗಿರುವುದು ತನ್ನನ್ನು ನಂಬಿದ ಬಡ ದ್ವೀಪದವರನ್ನು ಡ್ರ್ಯಾಗನ್ನುಗಳಿಂದ ಕಾಪಾಡಲು. ಡ್ರ್ಯಾಗನ್ ಅವನಿಗೆ ಆಸೆ ತೋರಿಸುತ್ತದೆ. ಒಂದೋ ಅವನಿಗೆ ನೆರಳಿನ ಹೆಸರು, ಇಲ್ಲವೇ ಊರವರಿಗೆ ಕ್ಷೇಮ. ಅವನು ಊರವರನ್ನೇ ಆರಿಸಿಕೊಳ್ಳುತ್ತಾನೆ. ಜಂಬದ ಹುಡುಗ ಎಲ್ಲಿ ಬದಲಾದ ಎಂದು ಯಾರಾದರೂ ಕೇಳಿದರೆ ನಾನು ಈ ಪುಟ ತೆಗೆದು ತೋರಿಸುತ್ತೇನೆ.

ಆದರೂ ಓಟ ನಿಲ್ಲುವುದಿಲ್ಲ. ಕೊನೆಗೆ ಗಿಡುಗನ ರೂಪ ತಾಳಿ, ಸಮುದ್ರ ದಾಟಿ, ತಾನೇ ಬಿಟ್ಟುಹೋದ ಓಗಿಯನ್‌ನ ಮನೆಬಾಗಿಲಿಗೆ ಬಂದು ಬೀಳುತ್ತಾನೆ. ಮುದುಕ ಬೈಯುವುದಿಲ್ಲ, 'ಅಂದೇ ಹೇಳಿರಲಿಲ್ಲವೇ' ಎನ್ನುವುದಿಲ್ಲ. ಒಂದೇ ಬುದ್ಧಿವಾದ ಹೇಳುತ್ತಾನೆ. ಓಡಿದಷ್ಟೂ ಅದು ನಿನ್ನನ್ನು ತನಗೆ ಬೇಕಾದ ಕಡೆಗೆ ಅಟ್ಟುತ್ತದೆ, ಆದ್ದರಿಂದ ತಿರುಗಿ ನಿಲ್ಲು, ನೀನೇ ಅದನ್ನು ಹುಡುಕಿಕೊಂಡು ಹೋಗು ಎಂದು.

ಇಲ್ಲಿ ನಾವಿಬ್ಬರೂ ಪುಸ್ತಕ ಮುಚ್ಚಿಟ್ಟು ಒಂದು ಪಂದ್ಯ ಕಟ್ಟಿದೆವು. ನೆರಳಿನ ಹೆಸರು ಏನಿರಬಹುದು ಎಂದು ಒಂದೊಂದು ಚೀಟಿಯಲ್ಲಿ ಬರೆದು, ಮಡಿಸಿ, ಅಜ್ಜಿಯ ಸಾಸಿವೆ ಡಬ್ಬಿಯಲ್ಲಿ ಹಾಕಿದೆವು. ಕಾದಂಬರಿ ಮುಗಿದ ಮೇಲೆ ತೆಗೆದು ನೋಡಿದರೆ ನನ್ನದು ಪೂರಾ ತಪ್ಪು. ಹದಿಮೂರು ವರ್ಷದ ಹುಡುಗಿಯದು ಸರಿ. ಏನೆಂದು ನಾನು ಇಲ್ಲಿ ಹೇಳುವುದಿಲ್ಲ, ನಿಮ್ಮ ಮನೆಯಲ್ಲೂ ಸಾಸಿವೆ ಡಬ್ಬಿ ಇದೆಯಲ್ಲ.

"ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದೆ. ಅವಳು ಅದಕ್ಕೆ ಉತ್ತರ ಕೊಡದೆ, ತಿರುಗಿ ನನ್ನನ್ನೇ ಕೇಳಿದಳು: "ತಾತ, ನಿನ್ನ ಹಿಂದೆ ಬರೋ ನೆರಳು ಯಾವುದು?"

ನಾನು ನಕ್ಕು ಮಾತು ತೇಲಿಸಿದೆ. ಆದರೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಉತ್ತರ ಗೊತ್ತಿತ್ತು.

1981ನೇ ಇಸವಿ. ಆಗ ಬ್ಯಾಂಕಿನಲ್ಲಿ ಕಂಪ್ಯೂಟರ್ ಇಲ್ಲ, ಎಲ್ಲ ಕೈಬರಹ. ಉಳಿತಾಯ ಖಾತೆಗಳ ಬಾಕಿಯನ್ನೆಲ್ಲ ಲೆಡ್ಜರಿನಿಂದ ಒಂದು ಪುಸ್ತಕಕ್ಕೆ ಇಳಿಸಿ, ಕೂಡಿ, ಜನರಲ್ ಲೆಡ್ಜರಿನ ಮೊತ್ತಕ್ಕೆ ತಾಳೆ ನೋಡಬೇಕು. ಬಾಕಿಗಳನ್ನು ಬರೆದವನು ನಾನು. ಕೂಡಿದವರು ಹೊಸದಾಗಿ ಸೇರಿದ ಒಬ್ಬ ಹುಡುಗ, ಇಪ್ಪತ್ತೆರಡು ವರ್ಷ. ಮೊತ್ತದಲ್ಲಿ 90 ರೂಪಾಯಿ ವ್ಯತ್ಯಾಸ ಬಂತು. ಎರಡು ದಿನ ಹುಡುಕಿದರೂ ಸಿಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಬೇಗ ಬಂದು ಒಬ್ಬನೇ ನೋಡುತ್ತಿದ್ದಾಗ ನನಗೆ ಸಿಕ್ಕಿತು. 450 ಎಂದು ಬರೆಯಬೇಕಾದಲ್ಲಿ ನಾನೇ 540 ಎಂದು ಬರೆದಿದ್ದೆ. ಮಕ್ಕಳೇ, ಲೆಕ್ಕದ ಒಂದು ಗುಟ್ಟು ಕೇಳಿ: ಅಂಕಿಗಳು ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 72, 27 ತೆಗೆದುಕೊಂಡು ನೋಡಿ. 90 ಎಂದ ಕೂಡಲೇ ನನಗದು ಹೊಳೆಯಬೇಕಿತ್ತು.

ಸದ್ದಿಲ್ಲದೆ ತಿದ್ದಿದೆ. ಮ್ಯಾನೇಜರ್ ಬಂದು, "ಸಿಕ್ಕಿತೇ? ಎಲ್ಲಿತ್ತು?" ಎಂದರು. ಎಲ್ಲರೂ ಇದ್ದರು. ಆ ವರ್ಷ ನನ್ನ ಬಡ್ತಿಯ ಮಾತಿತ್ತು. "ಕೂಡಿಕೆಯಲ್ಲಿ ಸಾರ್" ಎಂದುಬಿಟ್ಟೆ. ಆ ಹುಡುಗನಿಗೆ ಎಲ್ಲರ ಎದುರು ಬೈಗುಳವಾಯಿತು. ಅವನು ಒಂದು ಸಲ ನನ್ನ ಕಡೆ ನೋಡಿದ. ಒಂದು ಮಾತೂ ಆಡಲಿಲ್ಲ. ಮುಂದಿನ ವರ್ಷ ಅವನಿಗೆ ಬೇರೆ ಊರಿಗೆ ವರ್ಗವಾಯಿತು.

ಬ್ಯಾಂಕಿನಲ್ಲಿ 'ಸಸ್ಪೆನ್ಸ್ ಖಾತೆ' ಎಂದು ಒಂದಿರುತ್ತದೆ. ಯಾವ ಲೆಕ್ಕಕ್ಕೆ ಸೇರಬೇಕೆಂದು ಗೊತ್ತಾಗದ ಹಣವನ್ನು, ಹೆಸರು ಸಿಗುವವರೆಗೆ ಅಲ್ಲಿಡುತ್ತೇವೆ. ಬಹಳ ದಿನ ಇಡಬಾರದು ಎಂಬುದು ನಿಯಮ. ನಾನು ಇದನ್ನು ನಲವತ್ತಕ್ಕೂ ಹೆಚ್ಚು ವರ್ಷ ಅಲ್ಲಿಟ್ಟಿದ್ದೆ.

ಮರುದಿನ ಸಂಜೆ ಮೊಮ್ಮಗಳಿಗೆ ಎಲ್ಲ ಹೇಳಿದೆ. ತಾತ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡ ಎಂದು ಮೆಚ್ಚುತ್ತಾಳೆ ಎಂದುಕೊಂಡಿದ್ದೆ. "ನನ್ನ ಹತ್ರ ಹೇಳಿದ್ರೆ ಏನಾಯ್ತು? ಅವರ ಹತ್ರ ಹೇಳು" ಎಂದಳು.

ನಿವೃತ್ತರ ಸಂಘದವರಿಂದ ಅವರ ನಂಬರು ಸಿಕ್ಕಿತು. ನಾಲ್ಕು ದಿನ ಫೋನ್ ಕೈಗೆತ್ತಿಕೊಂಡು ಇಟ್ಟೆ. ಐದನೇ ದಿನ ಮಾಡಿದೆ. ಕುಶಲ ಪ್ರಶ್ನೆಯಾದ ಮೇಲೆ, "ನಿಮಗೆ ನೆನಪಿದೆಯೋ ಇಲ್ಲವೋ, ಆ ವರ್ಷದ ಬ್ಯಾಲೆನ್ಸಿಂಗು..." ಎಂದು ಶುರು ಮಾಡಿದೆ.

"ತೊಂಬತ್ತು ರೂಪಾಯಿ ಅಲ್ವಾ ಸಾರ್?" ಎಂದರು.

ನನ್ನ ಗಂಟಲು ಒಣಗಿತು. ಬರೆದುಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನಿಮ್ಮ ಕೂಡಿಕೆ ಸರಿಯಾಗಿತ್ತು. ತಪ್ಪು ಬರೆದವನು ನಾನು. ಅವತ್ತೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ" ಎಂದಷ್ಟೇ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅವರ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು. ಆಮೇಲೆ ಹೇಳಿದರು: "ಮೂರು ಸಲ ಕೂಡಿದ್ದೆ ಸಾರ್. ಸರಿಯಾಗಿದೆ ಅಂತ ಗೊತ್ತಿತ್ತು. ಆದ್ರೂ ಆಮೇಲೆ ರಿಟೈರ್ ಆಗೋವರೆಗೂ ಪ್ರತಿಯೊಂದನ್ನೂ ಐದೈದು ಸಲ ಕೂಡ್ತಿದ್ದೆ. ನನ್ನ ಮೇಲೆ ನನಗೇ ಅನುಮಾನ ಬಂದುಬಿಟ್ಟಿತ್ತು."

ಪರವಾಗಿಲ್ಲ ಬಿಡಿ ಎಂದು ಅವರು ಹೇಳಲಿಲ್ಲ. ಹೇಳಲಿ ಎಂದು ನಾನು ಕಾಯುತ್ತಿದ್ದೆ ಎನ್ನುವುದು ನನಗೆ ಆಗ ಗೊತ್ತಾಯಿತು. ಕಾಯುವ ಹಕ್ಕು ನನಗಿರಲಿಲ್ಲ. 90 ರೂಪಾಯಿಯನ್ನು ಅಂದೇ ಒಂದು ಗೀಟು ಎಳೆದು ಸರಿ ಮಾಡಿದ್ದೆ. ಒಬ್ಬ ಮನುಷ್ಯ ತನ್ನ ಕೂಡಿಕೆಯನ್ನು ತಾನೇ ನಂಬದೆ ಕಳೆದ ವರ್ಷಗಳನ್ನು ಯಾವ ಪುಟದಲ್ಲಿ ತಿದ್ದಲಿ? ಆದರೆ ಆ ಕರೆಯಾದ ಮೇಲೆ ಓಟ ನಿಂತಿದೆ. ಭಾರ ಹಾಗೇ ಇದೆ, ಅದು ಯಾರದೆಂದು ಇಬ್ಬರಿಗೂ ಗೊತ್ತಿದೆ.

"ಇಷ್ಟು ವರ್ಷ ಆದ್ಮೇಲೆ ಈಗ ಯಾಕೆ ಸಾರ್?" ಎಂದು ಅವರು ಕೇಳಿದರು. ಪುಸ್ತಕದ ಕತೆ ಹೇಳಿದೆ. "ಹೆಸರು ಹೇಳಿ, ಬರ್ಕೊತೀನಿ. ಮೊಮ್ಮಗ ಏಳನೇ ಕ್ಲಾಸಲ್ಲಿದ್ದಾನೆ" ಎಂದರು. ಖಾತೆ ನಂಬರ್ ಓದಿ ಹೇಳುವ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಹನ್ನೆರಡು ದಾಟಿದ ಮಕ್ಕಳು ಧಾರಾಳವಾಗಿ ಓದಬಹುದು. ಇಂಗ್ಲಿಷ್ ಕಷ್ಟವೆನಿಸಿದರೆ ಗಟ್ಟಿಯಾಗಿ ಓದಿ, ಕತೆ ಹೇಳಿದ ಹಾಗೆಯೇ ಬರೆದಿದ್ದಾರೆ, ಕಿವಿಗೆ ಬೇಗ ಹತ್ತುತ್ತದೆ. ಪುಸ್ತಕದಲ್ಲಿರುವ ನಕ್ಷೆಯನ್ನು ಬಿಡಬೇಡಿ, ಗೆಡ್ ಹೋದ ದಾರಿಯನ್ನು ಬೆರಳಿನಲ್ಲಿ ಹಿಡಿದುಕೊಂಡು ಹೋಗಿ. ಇದು ಹಿಡಿಸಿದರೆ ಮುಂದೆ ಇನ್ನೂ ಐದು ಪುಸ್ತಕಗಳಿವೆ. ಎರಡನೆಯದು, 1971ರ 'ದಿ ಟೂಂಬ್ಸ್ ಆಫ್ ಅಟುವಾನ್', ಟೆನಾರ್ ಎಂಬ ಹುಡುಗಿಯ ಕತೆ. ಕೊನೆಯ ಎರಡು ಬಂದದ್ದು 2001ರಲ್ಲಿ. ಲೆ ಗ್ವಿನ್ 2018ರ ಜನವರಿಯಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು. ಅಜ್ಜ ಅಜ್ಜಿಯರಿಗೆ ಒಂದು ಮಾತು: ಮಕ್ಕಳಿಗೆ ಕೊಟ್ಟು ಸುಮ್ಮನಾಗಬೇಡಿ, ಜೊತೆಗೆ ಓದಿ. ಓದುವಾಗ ಒಲೆ ಆರಿಸಿರಿ.

ಕಳೆದ ವಾರ ಅವರಿಂದ ಒಂದು ಮೆಸೇಜ್ ಬಂತು. "ಪುಸ್ತಕ ಸಿಕ್ಕಿತು ಸಾರ್. ಮೊಮ್ಮಗ ಆಗಲೇ ಡ್ರ್ಯಾಗನ್ ಹತ್ತಿರ ಹೋಗಿದ್ದಾನೆ. ನಾನಿನ್ನೂ ಆಡುಗಳ ಹತ್ತಿರವೇ ಇದ್ದೇನೆ."